ಲೋಡಿನ ಲೆಕ್ಕವಲ್ಲ, ರಂಜಕದ ಲೆಕ್ಕ: ಮರಳು ಮಣ್ಣಿನ ಖುಷ್ಕಿ ಬೆಳೆಗೆ ಕೋಳಿ ಗೊಬ್ಬರ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಖುಷ್ಕಿ ಹೊಲಗಳಿಗೆ ಮುಂಗಾರಿನ ಮುಂಚೆ ಬಂದು ಬೀಳುವ ಗೊಬ್ಬರ ಈಗ ಎಲ್ಲ ಕಡೆ ಹಟ್ಟಿಯ ತಿಪ್ಪೆಯಿಂದಲೇ ಬರುತ್ತಿಲ್ಲ. ಮನೆಗೆ ಎರಡು ಜೊತೆ ಎತ್ತು, ನಾಲ್ಕು ಹಸು ಇದ್ದ ಕಾಲ ಹೋಗಿ ಉಳುಮೆ ಟ್ರ್ಯಾಕ್ಟರಿನ ಪಾಲಾಗಿದೆ. 2012 ಮತ್ತು 2019ರ ಜಾನುವಾರು ಗಣತಿಗಳ ನಡುವೆ ರಾಜ್ಯದಲ್ಲಿ ದನಗಳ ಸಂಖ್ಯೆ ಇಳಿದಿದೆ. ಕೋಳಿಗಳ ಕಥೆ ಇದಕ್ಕೆ ತದ್ವಿರುದ್ಧ. 2019ರ ಗಣತಿಯಲ್ಲಿ ದೇಶದ ಕೋಳಿ ಸಂಖ್ಯೆ 85 ಕೋಟಿ ದಾಟಿತ್ತು, ಕರ್ನಾಟಕದಲ್ಲಿ ಅದು ಸುಮಾರು 6 ಕೋಟಿ. ಒಂದು ಕಡೆ ಕೊಟ್ಟಿಗೆ ಗೊಬ್ಬರಕ್ಕೆ ಬರ, ಇನ್ನೊಂದು ಕಡೆ ಫಾರಂಗಳಲ್ಲಿ ಬ್ಯಾಚು ಬ್ಯಾಚಿಗೂ ತೆಗೆದು ಹಾಕಲೇಬೇಕಾದ ಕೋಳಿ ಹಿಕ್ಕೆ. ಹೀಗಾಗಿ ರಾಗಿ, ಸಜ್ಜೆ, ಜೋಳದ ಹೊಲಗಳತ್ತ ಕೋಳಿ ಗೊಬ್ಬರದ ಲೋಡು ತಿರುಗಿದ್ದು ಸಹಜ. ಅದು ಬಂದಲ್ಲೆಲ್ಲ ಎರಡು ಮಾತುಗಳೂ ಕೇಳಿಬರುತ್ತವೆ. ಇಷ್ಟು ಕಸುವಿನ ಗೊಬ್ಬರ ಬೇರೆ ಇಲ್ಲ ಎಂಬುದು ಒಂದು. ಕೋಳಿ ಗೊಬ್ಬರ ಉಷ್ಣ, ಮಳೆ ಕೈಕೊಟ್ಟರೆ ಪೈರನ್ನೇ ಸುಡುತ್ತದೆ ಎಂಬುದು ಇನ್ನೊಂದು. ಎರಡೂ ನಿಜವೇ. ಒಂದೇ ಗೊಬ್ಬರ ಎರಡು ಬಗೆಯಲ್ಲಿ ನಡೆದುಕೊಳ್ಳುವುದಕ್ಕೆ ಮುಖ್ಯ ಕಾರಣ ಅದನ್ನು ನಾವು ಅಳೆಯುವ ರೀತಿ. ಮರಳು ಮಣ್ಣಿನ ಮಳೆಯಾಶ್ರಿತ ಬೆಳೆಗೆ ಕೋಳಿ ಗೊಬ್ಬರವನ್ನು ಲೋಡಿನ ಲೆಕ್ಕದಲ್ಲಾಗಲಿ ಸಾರಜನಕದ ಲೆಕ್ಕದಲ್ಲಾಗಲಿ ಹಾಕಬಾರದು, ಅದರಲ್ಲಿರುವ ರಂಜಕವನ್ನು ಲೆಕ್ಕಹಾಕಿ, ಕಳಿಸಿ, ಕಡಿಮೆ ಪ್ರಮಾಣದಲ್ಲಿ ಹಾಕಬೇಕು ಎಂಬುದು ಈ ಲೇಖನದ ವಾದ.

ಮೊದಲು ಮಣ್ಣಿನ ಮಾತು. ಹಳೆ ಮೈಸೂರು ಭಾಗದ ಮರಳು ಮಿಶ್ರಿತ ಕೆಂಪು ಮಣ್ಣು, ಬಳ್ಳಾರಿ ಕೊಪ್ಪಳದ ಕಡೆ ಮಸಾರಿ ಎಂದು ಕರೆಯುವ ಭೂಮಿ, ಇವೆರಡರ ಕೊರತೆಗಳೂ ಬಹುತೇಕ ಒಂದೇ. ಜೇಡಿ ಅಂಶ ಕಡಿಮೆಯಾದ್ದರಿಂದ ನೀರು ಬೇಗ ಇಂಗಿ ಬೇಗ ಆರುತ್ತದೆ. ಪೋಷಕಾಂಶಗಳನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಅಷ್ಟಕ್ಕಷ್ಟೆ. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ ಎಂದು ಬರೆಯುತ್ತಾರೆ. ಖುಷ್ಕಿ ಕೆಂಪು ಮಣ್ಣಿನ ಬಹುಪಾಲು ಹೊಲಗಳು ಆ ಗೆರೆಯ ಕೆಳಗೇ ಇವೆ. 2009ರಲ್ಲಿ ಕರ್ನಾಟಕ ಸರ್ಕಾರ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ಜೊತೆ ಆರಂಭಿಸಿದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳು ಇನ್ನೊಂದು ಸಂಗತಿಯನ್ನು ಎತ್ತಿ ತೋರಿಸಿದವು: ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತು ಮತ್ತು ಬೋರಾನ್ ಕೊರತೆ ವ್ಯಾಪಕವಾಗಿದೆ. ಅಂದರೆ ಯೂರಿಯಾ, ಡಿಎಪಿ ಎರಡನ್ನೇ ನೆಚ್ಚಿಕೊಂಡ ಹೊಲ ಬೇರೆ ಯಾವುದೋ ಪೋಷಕಾಂಶ ಸಾಲದೆ ನಿಂತುಹೋಗಿರಬಹುದು. ಇದರ ಜೊತೆಗೆ ಕೆಂಪು ಮಣ್ಣಿನಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಹಾಕಿದ ರಂಜಕದ ಒಂದು ಪಾಲನ್ನು ಹಿಡಿದು ಬೇರಿಗೆ ಸಿಗದಂತೆ ಮಾಡುತ್ತವೆ. ಇಂಥ ಮಣ್ಣಿಗೆ ಏನು ಬೇಕು ಎಂದು ಪಟ್ಟಿ ಮಾಡಿದರೆ ಇಂಗಾಲ, ರಂಜಕ, ಲಘು ಪೋಷಕಾಂಶ ಮತ್ತು ಒಮ್ಮೆಲೇ ಹರಿದುಹೋಗದ ಸಾರಜನಕ ಬೇಕಾಗುತ್ತದೆ.

ಈ ಪಟ್ಟಿಯನ್ನು ಕೋಳಿ ಗೊಬ್ಬರ ಎಷ್ಟರ ಮಟ್ಟಿಗೆ ತುಂಬುತ್ತದೆ? ಬ್ರಾಯ್ಲರ್ ಶೆಡ್ಡಿನಿಂದ ತೆಗೆದ ಗೊಬ್ಬರವನ್ನು ಒಂದು ಬೊಗಸೆ ಹಿಡಿದು ನೋಡಿದರೆ ಹಾಸಿಗೆಗೆ ಹಾಕಿದ ಭತ್ತದ ಹೊಟ್ಟು ಅಥವಾ ಕಡಲೆಕಾಯಿ ಸಿಪ್ಪೆ, ಅದಕ್ಕೆ ಅಂಟಿ ಒಣಗಿದ ಹಿಕ್ಕೆಯ ಹೆಂಟೆ, ಅಲ್ಲಲ್ಲಿ ಪುಕ್ಕ, ಚೆಲ್ಲಿದ ಮೇವಿನ ನುಚ್ಚು ಕಾಣುತ್ತವೆ. ಪಂಜರದ ಮೊಟ್ಟೆ ಕೋಳಿಗಳ ಹಿಕ್ಕೆಯಲ್ಲಿ ಹೊಟ್ಟು ಇರುವುದಿಲ್ಲ, ನೀರಿನ ಅಂಶವೇ ಮುಕ್ಕಾಲು ಪಾಲು ಇರಬಹುದು. ಒಣಗಿದ ಕೋಳಿ ಗೊಬ್ಬರದಲ್ಲಿ ಸಾಮಾನ್ಯವಾಗಿ ಶೇ. 3ರಷ್ಟು ಸಾರಜನಕ, ಶೇ. 2.6ರಷ್ಟು ರಂಜಕ, ಶೇ. 1.4ರಷ್ಟು ಪೊಟ್ಯಾಷ್ ಎಂದು ಲೆಕ್ಕ ಹಿಡಿಯುತ್ತಾರೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ. 0.5, ರಂಜಕ ಶೇ. 0.2ರ ಆಸುಪಾಸು. ಹಕ್ಕಿಗಳಿಗೆ ಮೂತ್ರ ಬೇರೆ, ಮಲ ಬೇರೆ ಇಲ್ಲ. ಎರಡೂ ಒಟ್ಟಿಗೆ ಬೀಳುತ್ತವೆ, ಮೂತ್ರದ ಸಾರಜನಕ ಬಿಳಿ ಯೂರಿಕ್ ಆಮ್ಲದ ರೂಪದಲ್ಲಿ ಹಿಕ್ಕೆಯ ಮೇಲೆಯೇ ಉಳಿಯುತ್ತದೆ. ಕೋಳಿ ಗೊಬ್ಬರದ ಕಸುವಿಗೂ ಅದರ ಉಷ್ಣಕ್ಕೂ ಮೂಲ ಇದೇ. ತೇವ ತಗುಲಿದೊಡನೆ ಸೂಕ್ಷ್ಮಾಣುಗಳು ಯೂರಿಕ್ ಆಮ್ಲವನ್ನು ಯೂರಿಯಾ ಆಗಿ, ಯೂರಿಯಾವನ್ನು ಅಮೋನಿಯಾ ಆಗಿ ಒಡೆಯುತ್ತವೆ. ಹಾಕಿದ ಮೊದಲ ಕೆಲವು ವಾರಗಳಲ್ಲೇ ಸಾರಜನಕದ ದೊಡ್ಡ ಪಾಲು ಬಿಡುಗಡೆಯಾಗುತ್ತದೆ, ಒಂದು ಹಂಗಾಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಪೈರಿಗೆ ದಕ್ಕಬಹುದು. ಇದಲ್ಲದೆ ಮೇವಿನ ಮೂಲಕ ಬಂದ ಸತು, ತಾಮ್ರ, ಮ್ಯಾಂಗನೀಸ್ ಕೂಡ ಇದರಲ್ಲಿರುತ್ತವೆ. ಮೊಟ್ಟೆಯ ಚಿಪ್ಪಿಗೆಂದು ಮೇವಿಗೆ ಬೆರೆಸುವ ಸುಣ್ಣದ ಅಂಶ ಹುಳಿ ಮಣ್ಣಿನ ರಸಸಾರವನ್ನು ತುಸು ಮೇಲಕ್ಕೆತ್ತುತ್ತದೆ.

ಒಣ ಮರಳಿನಲ್ಲಿ ಹಕ್ಕಿ ಹಿಕ್ಕೆಯಿಂದ ಧಾನ್ಯ ಬೆಳೆಯಬಹುದು ಎಂಬುದು ಹೊಸ ಸಂಗತಿಯೇನಲ್ಲ. ದಕ್ಷಿಣ ಅಮೆರಿಕದ ಅಟಕಾಮಾ ಮರುಭೂಮಿಯಲ್ಲಿ ಸಿಕ್ಕ ಪ್ರಾಚೀನ ಮೆಕ್ಕೆಜೋಳದ ಸಾರಜನಕವನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಸುಮಾರು ಕ್ರಿ.ಶ. 1000ದ ಹೊತ್ತಿಗೇ ಅಲ್ಲಿನ ರೈತರು ಕಡಲ ಹಕ್ಕಿಗಳ ಹಿಕ್ಕೆಯನ್ನು ಹೊಲಕ್ಕೆ ಹಾಕುತ್ತಿದ್ದರೆಂದು ತೋರಿಸಿತು. ಈಜಿಪ್ಟಿನಲ್ಲಿ ನೈಲ್ ಕಣಿವೆಯ ಆಚೆ ಮರುಭೂಮಿಯನ್ನು ಹಸನು ಮಾಡಿ ಗೋಧಿ, ಮೆಕ್ಕೆಜೋಳ ಬೆಳೆಯುವ ಮರಳು ಜಮೀನುಗಳಲ್ಲೂ ಕೋಳಿ ಗೊಬ್ಬರದ ಬಳಕೆಯಿದೆ. ಆದರೆ ಈ ಎರಡೂ ಕಡೆ ನೀರು ಹಾಯಿಸಿ ಬೆಳೆಯುತ್ತಾರೆ. ಮಳೆಯನ್ನೇ ನಂಬಿದ ರಾಗಿಗೆ ಅವುಗಳಿಂದ ನೇರ ಪಾಠ ಕಲಿಯಲಾಗದು. ನಮಗೆ ಹತ್ತಿರದ ಸಾಕ್ಷಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿದೆ. ಅಲ್ಲಿನ ಕೆಂಪು ಮಣ್ಣಿನಲ್ಲಿ 1978ರಲ್ಲಿ ಶುರುವಾದ ದೀರ್ಘಾವಧಿ ರಾಗಿ ಪ್ರಯೋಗ, ಬರೀ ರಾಸಾಯನಿಕ ಗೊಬ್ಬರ ಪಡೆದ ತಾಕುಗಳ ಇಳುವರಿ ವರ್ಷಗಳು ಕಳೆದಂತೆ ಕುಸಿಯುವುದನ್ನೂ, ಕೊಟ್ಟಿಗೆ ಗೊಬ್ಬರ ಮತ್ತು ರಾಸಾಯನಿಕ ಗೊಬ್ಬರ ಎರಡನ್ನೂ ಪಡೆದ ತಾಕುಗಳು ಸ್ಥಿರವಾಗಿ ಮೇಲಿರುವುದನ್ನೂ ದಾಖಲಿಸಿದೆ. ಅದು ಕೋಳಿ ಗೊಬ್ಬರದ ಪ್ರಯೋಗವಲ್ಲ ಎಂಬುದನ್ನು ಮರೆಯಬಾರದು. ಸಾವಯವ ವಸ್ತು ಇಲ್ಲದೆ ಮರಳು ಮಿಶ್ರಿತ ಕೆಂಪು ಮಣ್ಣು ಬಹುಕಾಲ ಬಾಳದು, ರಾಸಾಯನಿಕ ಗೊಬ್ಬರದ ಪೂರಕವಿಲ್ಲದೆ ಒಳ್ಳೆಯ ಇಳುವರಿಯೂ ಕಷ್ಟ ಎಂಬ ಚೌಕಟ್ಟನ್ನು ಅದು ಹಾಕಿಕೊಡುತ್ತದೆ. ಕೋಳಿ ಗೊಬ್ಬರದ ಜಾಗವನ್ನು ಆ ಚೌಕಟ್ಟಿನೊಳಗೇ ಹುಡುಕಬೇಕು.

ಈಗ ಲೆಕ್ಕಕ್ಕೆ ಬರೋಣ. ಮಳೆಯಾಶ್ರಿತ ರಾಗಿಗೆ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಎಕರೆಗೆ ಸುಮಾರು 20 ಕಿಲೋ ಸಾರಜನಕ, 16 ಕಿಲೋ ರಂಜಕ, ಜೊತೆಗೆ 3 ಟನ್ ಕೊಟ್ಟಿಗೆ ಗೊಬ್ಬರ. ಒಂದು ಟನ್ ಒಣ ಕೋಳಿ ಗೊಬ್ಬರದಲ್ಲಿ 30 ಕಿಲೋ ಸಾರಜನಕ, 26 ಕಿಲೋ ರಂಜಕ ಇದೆ ಎಂದುಕೊಳ್ಳೋಣ. ಸಾರಜನಕದಲ್ಲಿ ಶೇ. 60ರಷ್ಟು ಮೊದಲ ಹಂಗಾಮಿಗೆ ದಕ್ಕುತ್ತದೆ ಎಂದು ಹಿಡಿದರೆ, ಪೈರಿನ 20 ಕಿಲೋ ಸಾರಜನಕವನ್ನು ಇದರಿಂದಲೇ ತುಂಬಲು 1.1 ಟನ್ ಬೇಕು. ಆಗ ಮಣ್ಣಿಗೆ ಸೇರುವ ರಂಜಕ 29 ಕಿಲೋ, ಶಿಫಾರಸಿನ ಹತ್ತಿರ ಹತ್ತಿರ ಎರಡರಷ್ಟು. ಹತ್ತು ಕ್ವಿಂಟಲ್ ರಾಗಿ ಕಾಳು ಹೊಲದಿಂದ ಒಯ್ಯುವ ರಂಜಕ ಗೊಬ್ಬರದ ಲೆಕ್ಕದಲ್ಲಿ ಐದಾರು ಕಿಲೋ ಮಾತ್ರ, ಹುಲ್ಲನ್ನೂ ಸೇರಿಸಿದರೆ ಹತ್ತು ಕಿಲೋ ಆಸುಪಾಸು. ಇನ್ನು ಎಕರೆಗೆ ಒಂದು ಟ್ರ್ಯಾಕ್ಟರ್ ಲೋಡು ಎಂಬ ಲೆಕ್ಕ ಹಿಡಿದರೆ ಎರಡು ಮೂರು ಟನ್ ಬೀಳುತ್ತದೆ. ಆಗ ರಂಜಕ 50ರಿಂದ 80 ಕಿಲೋ, ಒಟ್ಟು ಸಾರಜನಕ ಪೈರಿಗೆ ಬೇಕಾದುದರ ಮೂರು ನಾಲ್ಕು ಪಟ್ಟು. ಇದರ ಬದಲು ರಂಜಕವನ್ನು ಅಳತೆಗೋಲು ಮಾಡಿಕೊಂಡರೆ 600 ಕಿಲೋ ಸಾಕು. 16 ಕಿಲೋ ರಂಜಕ ಪೂರ್ತಿ ಬರುತ್ತದೆ, ಈ ಹಂಗಾಮಿಗೆ 11 ಕಿಲೋ ಸಾರಜನಕವೂ ಸಿಗುತ್ತದೆ. ಉಳಿದ 9 ಕಿಲೋಗೆ 20 ಕಿಲೋ ಯೂರಿಯಾವನ್ನು ತೆಂಡೆ ಒಡೆಯುವ ಹೊತ್ತಿನಲ್ಲಿ, ಮಳೆಯ ಹದ ನೋಡಿಕೊಂಡು ಮೇಲುಗೊಬ್ಬರವಾಗಿ ಕೊಡಬಹುದು. ಆಗ ಒಂದು ಲೋಡು ನಾಲ್ಕೈದು ಎಕರೆಗೆ ಆಗುತ್ತದೆ. ಮಳೆ ಬರದಿದ್ದರೆ ಆ ಯೂರಿಯಾ ಚೀಲದಲ್ಲೇ ಉಳಿಯುತ್ತದೆ. ಖುಷ್ಕಿ ರೈತರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ, ಏಕೆಂದರೆ ಮೊದಲೇ ಮಣ್ಣಿಗೆ ಸೇರಿಸಿದ ಸಾರಜನಕವನ್ನು ಮಳೆ ನೋಡಿ ಹಿಂದಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ.

ಹಣದ ಲೆಕ್ಕವೂ ಇದೇ ಕಡೆಗೆ ಬೆರಳು ತೋರಿಸುತ್ತದೆ. ಸಬ್ಸಿಡಿಯ ಕಾರಣ 45 ಕಿಲೋ ಯೂರಿಯಾ ಚೀಲ 266.50 ರೂಪಾಯಿಗೆ ಸಿಗುತ್ತದೆ, 50 ಕಿಲೋ ಡಿಎಪಿ ಚೀಲಕ್ಕೆ 1,350 ರೂಪಾಯಿ. ಒಂದು ಟನ್ ಕೋಳಿ ಗೊಬ್ಬರದ ಸಾರಜನಕ ಮತ್ತು ರಂಜಕವನ್ನು ಅಂಗಡಿಯಿಂದ ತರುವುದಾದರೆ ಸುಮಾರು 57 ಕಿಲೋ ಡಿಎಪಿ, 43 ಕಿಲೋ ಯೂರಿಯಾ ಬೇಕು. ಡಿಎಪಿಗೆ 1,500 ರೂಪಾಯಿಗೂ ಮೇಲೆ, ಯೂರಿಯಾಗೆ 255 ರೂಪಾಯಿ ಆಸುಪಾಸು. ಅಂದರೆ ಕೋಳಿ ಗೊಬ್ಬರದ ಬೆಲೆಯ ಸಿಂಹಪಾಲು ಅದರ ರಂಜಕದಲ್ಲಿದೆ. ಸಾರಜನಕಕ್ಕಾಗಿ ಅದನ್ನು ರಾಶಿ ಹಾಕುವವರು ಅಗ್ಗದ ವಸ್ತುವಿಗಾಗಿ ದುಬಾರಿ ವಸ್ತುವನ್ನು ಸುರಿಯುತ್ತಿದ್ದಾರೆ. ರಾಸಾಯನಿಕ ಗೊಬ್ಬರ ಚೀಲದಲ್ಲಿ ಸಿಗುವಾಗ ಈ ವಾಸನೆಯ ಗೊಬ್ಬರ ಏಕೆ ಎಂದು ಕೇಳುವವರಿಗೂ ಇಲ್ಲೇ ಉತ್ತರವಿದೆ. ಡಿಎಪಿ ಕೊಡುವ ರಂಜಕದ ಜೊತೆಗೆ ಡಿಎಪಿ ಕೊಡದ ಸತು, ಪೊಟ್ಯಾಷ್, ಇಂಗಾಲವೂ ಬರುತ್ತವೆ. ಸಾವಯವ ಆಮ್ಲಗಳು ಕೆಂಪು ಮಣ್ಣು ರಂಜಕವನ್ನು ಬಿಗಿಹಿಡಿಯುವುದನ್ನು ಒಂದಿಷ್ಟು ತಡೆಯುತ್ತವೆ. ಆದರೆ ಸಾಗಾಣಿಕೆ ಖರ್ಚು ಈ ಲಾಭವನ್ನು ಬೇಗ ತಿಂದುಹಾಕುತ್ತದೆ. ಒದ್ದೆ ಗೊಬ್ಬರ ಕೊಂಡವರು ನೀರಿಗೆ ಬಾಡಿಗೆ ಕೊಟ್ಟಂತೆ. ಹೀಗಾಗಿ ಫಾರಂಗಳು ಹತ್ತಿರವಿರುವ ಊರುಗಳಿಗೆ, ಒಣಗಿದ ಗೊಬ್ಬರಕ್ಕೆ ಮಾತ್ರ ಈ ಲೆಕ್ಕ ಒಪ್ಪುತ್ತದೆ.

ಇನ್ನು ಉಷ್ಣದ ಮಾತು. ರೈತರ ಈ ಅನುಭವವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ತಪ್ಪು. ಅದರ ಹಿಂದೆ ಕನಿಷ್ಠ ಮೂರು ಕಾರಣಗಳಿವೆ. ಹಸಿ ಗೊಬ್ಬರದಿಂದ ಏಳುವ ಅಮೋನಿಯಾ ಮೊಳಕೆಯ ಎಳೆ ಬೇರನ್ನು ಸುಡುತ್ತದೆ. ಅದರಲ್ಲಿ ಲವಣಗಳು ಹೆಚ್ಚು, ತೇವ ಆರಿದಂತೆ ಅವು ಗಟ್ಟಿಯಾಗಿ ಬೇರು ನೀರು ಹೀರಲು ಅಡ್ಡಿಯಾಗುತ್ತವೆ. ನೀರನ್ನು ಹಿಡಿದಿಡದ ಮರಳು ಮಣ್ಣಿನಲ್ಲಿ ಈ ತೊಂದರೆ ಕಪ್ಪು ಮಣ್ಣಿಗಿಂತ ಬೇಗ ಕಾಣಿಸಿಕೊಳ್ಳುತ್ತದೆ. ಮೂರನೆಯದು ಹೆಚ್ಚು ಮುಖ್ಯ, ಕಣ್ಣಿಗೆ ಕಾಣುವುದು ಕಡಿಮೆ. ಶುರುವಿನಲ್ಲೇ ಸಾರಜನಕ ಧಾರಾಳವಾಗಿ ಸಿಕ್ಕಿದ ಪೈರು ಸೊಕ್ಕಿ ಬೆಳೆದು, ಅಗಲ ಎಲೆ ಬಿಟ್ಟು, ಮಣ್ಣಿನ ತೇವವನ್ನೆಲ್ಲ ತೆನೆ ಬರುವ ಮುಂಚೆಯೇ ಖರ್ಚು ಮಾಡುತ್ತದೆ. ಅಕ್ಟೋಬರಿನ ಮಳೆ ತಪ್ಪಿದರೆ ಹುಲ್ಲು ಹುಲುಸು, ಕಾಳು ಜೊಳ್ಳು. ಲೋಡು ಸುರಿದು ಕೆಲವು ವಾರ ಹಾಗೇ ಬಿಟ್ಟ ಹೊಲವನ್ನು ಮುಂದೆ ತೆನೆಯ ಕಾಲದಲ್ಲಿ ನೋಡಿದರೆ ಇದು ತಾನಾಗಿ ಗೊತ್ತಾಗುತ್ತದೆ. ರಾಶಿ ಬಿದ್ದಿದ್ದ ಜಾಗಗಳಲ್ಲಿ ಕಡುಹಸಿರು ಬಣ್ಣದ ದುಂಡನೆಯ ತಾಕುಗಳು, ಅಲ್ಲಿ ರಾಗಿ ಎತ್ತರಕ್ಕೆ ಬೆಳೆದು ನೆಲಕ್ಕೆ ಮಲಗಿರುತ್ತದೆ, ನಡುವಿನ ಪೈರು ಗಿಡ್ಡ, ಮಾಸಲು ಹಳದಿ. ಹೆಚ್ಚಾದುದರ ಕೇಡು, ಕಡಿಮೆಯಾದುದರ ಕೇಡು ಎರಡೂ ಒಂದೇ ಹೊಲದಲ್ಲಿ ಅಕ್ಕಪಕ್ಕ ಕಾಣುತ್ತವೆ. 600 ಕಿಲೋ ಕಳಿತ ಗೊಬ್ಬರವನ್ನು ಬಿತ್ತನೆಗೆ ಎರಡು ಮೂರು ವಾರ ಮುಂಚೆ ಸಮನಾಗಿ ಎರಚಿ ಕುಂಟೆ ಹೊಡೆದರೆ ಈ ಮೂರೂ ಕಾರಣಗಳ ಬಲ ಕುಗ್ಗುತ್ತದೆ. ಎರಚಿ ಹಾಗೇ ಬಿಟ್ಟರೆ ಬಿಸಿಲಿಗೆ ಅಮೋನಿಯಾ ಗಾಳಿಗೆ ಹೋಗಿ ಅದರ ಬೆಲೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಆದ್ದರಿಂದ ಎರಚಿದ ದಿನವೇ ಮಣ್ಣಿಗೆ ಸೇರಿಸಬೇಕು.

ಕೊಟ್ಟಿಗೆ ಗೊಬ್ಬರದ ಪರ ಇರುವವರ ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ಮರಳು ಮಣ್ಣಿಗೆ ಮುಖ್ಯವಾಗಿ ಬೇಕಾದುದು ಇಂಗಾಲ, 600 ಕಿಲೋ ಕೋಳಿ ಗೊಬ್ಬರದಿಂದ ಎಷ್ಟು ಇಂಗಾಲ ಬಂದೀತು ಎಂದು ಅವರು ಕೇಳುತ್ತಾರೆ. ಅವರ ಮಾತು ಸರಿ. ಮೂರು ಟನ್ ಕೊಟ್ಟಿಗೆ ಗೊಬ್ಬರದ ಜಾಗವನ್ನು ಅರ್ಧ ಟನ್ ಕೋಳಿ ಗೊಬ್ಬರ ತುಂಬಲಾರದು. ಅದರಲ್ಲಿ ಇಂಗಾಲಕ್ಕೆ ಹೋಲಿಸಿದರೆ ಸಾರಜನಕ ಹೆಚ್ಚಾದ್ದರಿಂದ ಬೇಗ ಕರಗಿಯೂ ಹೋಗುತ್ತದೆ. ಇಂಗಾಲಕ್ಕೆಂದು ಅದನ್ನೇ ಮೂರು ಟನ್ ಹಾಕಿದರೆ ಮೇಲೆ ಹೇಳಿದ ರಂಜಕದ ತೊಂದರೆ ಬರುತ್ತದೆ. ಪರಿಹಾರ ಎರಡನ್ನೂ ಕೂಡಿಸುವುದರಲ್ಲಿದೆ. ಇಂಗಾಲ ಧಾರಾಳವಾಗಿದ್ದು ಸಾರಜನಕ ಸಾಲದ ವಸ್ತುಗಳು ಬಯಲುಸೀಮೆಯಲ್ಲಿ ಬೇಕಾದಷ್ಟಿವೆ: ತೊಗರಿ ಕಡ್ಡಿ, ಮೆಕ್ಕೆಜೋಳದ ದಂಟು, ತೆಂಗಿನ ನಾರಿನ ಪುಡಿ, ಒಣ ಎಲೆ, ದನ ಮುಟ್ಟದ ಹುಲ್ಲು. ಇವುಗಳ ಪದರದ ಮೇಲೆ ಕೋಳಿ ಗೊಬ್ಬರದ ಪದರ, ಅದರ ಮೇಲೆ ತೆಳ್ಳಗೆ ಮಣ್ಣು, ಹೀಗೆ ತಿಪ್ಪೆ ಕಟ್ಟಿ ತೇವ ಕಾಪಾಡಿ, ವಾರ ಹತ್ತು ದಿನಕ್ಕೊಮ್ಮೆ ಮಗುಚಿದರೆ ಎರಡು ತಿಂಗಳ ಸುಮಾರಿಗೆ ಗೊಬ್ಬರ ಕಳಿಯುತ್ತದೆ. ಹಾರಿಹೋಗುವ ಅಮೋನಿಯಾವನ್ನು ಒಣ ಕಡ್ಡಿ ಕಸ ಹಿಡಿದುಕೊಳ್ಳುತ್ತದೆ, ಸ್ವಲ್ಪ ಸೂಪರ್ ಫಾಸ್ಫೇಟ್ ಅಥವಾ ಜಿಪ್ಸಂ ಎರಚುವುದೂ ಇದಕ್ಕೆ ನೆರವಾಗುತ್ತದೆ. ಸೂಪರ್ ಫಾಸ್ಫೇಟ್ ಬಳಸಿದವರು ಅದರ ರಂಜಕವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ರಾಶಿಯೊಳಗೆ ಕೈಯಿಟ್ಟಾಗ ಬಿಸಿ ಇರಬಾರದು, ಕಣ್ಣು ಉರಿಸುವ ಘಾಟು ಇರಬಾರದು, ಮಣ್ಣಿನ ವಾಸನೆ ಬರಬೇಕು. ಆಗ ಅದು ಹೊಲಕ್ಕೆ ಯೋಗ್ಯ. ಹೀಗೆ ನೋಡಿದರೆ ಕೋಳಿ ಗೊಬ್ಬರ ಕೊಟ್ಟಿಗೆ ಗೊಬ್ಬರದ ಎದುರಾಳಿಯಲ್ಲ. ಸೊರಗುತ್ತಿರುವ ತಿಪ್ಪೆಗೆ ಕಸುವು ತುಂಬುವ ವಸ್ತು.

ಪ್ರಮಾಣ ಕಡಿಮೆಯಾದಂತೆ ಹಾಕುವ ಜಾಗದ ಮಹತ್ವ ಹೆಚ್ಚುತ್ತದೆ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದಲ್ಲಿ ಒಣ, ಗಟ್ಟಿಬಿದ್ದ ನೆಲದಲ್ಲಿ ಸಣ್ಣ ಗುಳಿ ತೋಡಿ, ಅದಕ್ಕೆ ಗೊಬ್ಬರ ಹಾಕಿ ಜೋಳ, ಸಜ್ಜೆ ಬಿತ್ತುವ ಜಾಯ್ ಪದ್ಧತಿ ಇದೆ. ಅದನ್ನು ಸುಧಾರಿಸಿ ಹರಡಿದ ರೈತ ಯಾಕೂಬಾ ಸವಾಡೊಗೊ ಅವರಿಗೆ 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಪಕ್ಕದ ನೈಜರ್ ದೇಶದ ಮರಳು ಹೊಲಗಳಲ್ಲಿ ಇಕ್ರಿಸ್ಯಾಟ್ ವಿಜ್ಞಾನಿಗಳು ಸಜ್ಜೆಯ ಪ್ರತಿ ಬುಡಕ್ಕೂ ಮೂರು ಬೆರಳಿನ ಚಿಟಿಕೆಯಷ್ಟು ಮಾತ್ರ ಗೊಬ್ಬರ ಕೊಡುವ ವಿಧಾನವನ್ನು ಹರಡಿದರು. ಇದೇ ಜಾಣ್ಮೆ ನಮ್ಮಲ್ಲೂ ಇದೆ. ಹಾವೇರಿ ಜಿಲ್ಲೆಯ ರೈತರ ಗುಳಿ ರಾಗಿ ಪದ್ಧತಿಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಸಾಲು ಹೊಡೆದು, ಸಾಲು ಕೂಡುವ ಕಡೆ ಒಂದು ಹಿಡಿ ಗೊಬ್ಬರ ಹಾಕಿ ಸಸಿ ನೆಡುತ್ತಾರೆ. ಗೊಬ್ಬರ ಬೇರಿನ ಬುಡದಲ್ಲೇ ಇರುವುದರಿಂದ ರಂಜಕ ಮಣ್ಣಿನ ಹಿಡಿತಕ್ಕೆ ಸಿಗುವುದು ಕಡಿಮೆ, ಕಳೆಗೆ ದಕ್ಕುವುದೂ ಕಡಿಮೆ, ಗುಳಿಯಲ್ಲಿ ನಿಂತ ನೀರು ಸಸಿಗೇ ಸೇರುತ್ತದೆ. ಸಾಕಷ್ಟು ಕಳಿತ ಕೋಳಿ ಗೊಬ್ಬರವನ್ನು ಮಣ್ಣಿನೊಂದಿಗೆ ಬೆರೆಸಿ ಹಾಕಲು ಇದಕ್ಕಿಂತ ಹೊಂದುವ ಪದ್ಧತಿ ಇಲ್ಲ. ಕೂಲಿ ಹೆಚ್ಚು ಬೇಕೆಂಬುದು ನಿಜ, ಎಲ್ಲರಿಗೂ ಇದು ಸಾಧ್ಯವಾಗದು. ಕೂರಿಗೆಯಲ್ಲಿ ಬಿತ್ತುವವರೂ ಹೊಲವಿಡೀ ಎರಚುವ ಬದಲು ಸಾಲಿನ ಪಕ್ಕಕ್ಕೆ ಕೊಟ್ಟರೆ ಪ್ರಯೋಜನದ ಒಂದು ಪಾಲು ಸಿಗುತ್ತದೆ.

ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಪೂರ್ವ ಕರಾವಳಿಯ ಡೆಲ್‌ಮಾರ್ವ ಪರ್ಯಾಯ ದ್ವೀಪವೇ ಉದಾಹರಣೆ. ಅಲ್ಲಿಯೂ ಮರಳು ಮಣ್ಣು, ಅಲ್ಲಿಯೂ ಮೆಕ್ಕೆಜೋಳ. ವರ್ಷಕ್ಕೆ ಸುಮಾರು 60 ಕೋಟಿ ಕೋಳಿ ಸಾಕುವ ಪ್ರದೇಶ ಅದು. ದಶಕಗಳ ಕಾಲ ಸಾರಜನಕದ ಲೆಕ್ಕದಲ್ಲಿ ಕೋಳಿ ಗೊಬ್ಬರ ಹಾಕಿದ್ದರಿಂದ ಹೊಲಗಳಲ್ಲಿ ರಂಜಕ ಶೇಖರವಾಗಿ ಚೆಸಪೀಕ್ ಕೊಲ್ಲಿಗೆ ಸೋರತೊಡಗಿತು. 1997ರಲ್ಲಿ ಅಲ್ಲಿನ ನದಿಗಳಲ್ಲಿ ಮೀನುಗಳು ಸತ್ತು ಗದ್ದಲವಾದ ಮೇಲೆ ಮೇರಿಲ್ಯಾಂಡ್ ರಾಜ್ಯ 1998ರಲ್ಲಿ ಇದನ್ನು ತಡೆಯಲು ಕಾಯ್ದೆ ತಂದಿತು. 2015ರಲ್ಲಿ ಹೊಲದ ರಂಜಕ ಮಟ್ಟ ನೋಡಿಯೇ ಗೊಬ್ಬರ ಹಾಕಬೇಕೆಂಬ ನಿಯಮ ಬಿಗಿಯಾಯಿತು. ಅಲ್ಲಿ ಮಳೆ ನಮ್ಮ ಬಯಲುಸೀಮೆಗಿಂತ ಹೆಚ್ಚು, ನಮ್ಮ ಕೆಂಪು ಮಣ್ಣು ರಂಜಕವನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ, ಆದ್ದರಿಂದ ನಮಗೆ ಆ ಭಯವಿಲ್ಲ ಎನ್ನಬಹುದು. ರಂಜಕದ ಮಟ್ಟಿಗೆ ಇದರಲ್ಲಿ ಸ್ವಲ್ಪ ಹುರುಳಿದೆ. ಆದರೆ ಕೊಚ್ಚಿಹೋಗುವ ಮೇಲ್ಮಣ್ಣಿನ ಜೊತೆ ರಂಜಕವೂ ಕೆರೆ ಸೇರುತ್ತದೆ. ಸಾರಜನಕದ ಮಟ್ಟಿಗಂತೂ ಮರಳು ಮಣ್ಣು ಯಾವ ರಕ್ಷಣೆಯನ್ನೂ ಕೊಡದು. ಸೆಪ್ಟೆಂಬರಿನ ಜೋರು ಮಳೆಗೆ ಪೈರು ಬಳಸದೆ ಉಳಿದ ನೈಟ್ರೇಟ್ ನೇರ ಕೆಳಕ್ಕೆ ಇಳಿಯುತ್ತದೆ. ಕೊಳವೆಬಾವಿಯ ನೀರನ್ನೇ ಕುಡಿಯುವ, ಅದರಲ್ಲಿ ಈಗಾಗಲೇ ನೈಟ್ರೇಟ್, ಫ್ಲೋರೈಡ್ ತೊಂದರೆ ಕಂಡಿರುವ ಕೋಲಾರದಂಥ ಜಿಲ್ಲೆಯಲ್ಲಿ ಇದು ಊರಿನ ಮಕ್ಕಳ ಆರೋಗ್ಯದ ಪ್ರಶ್ನೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಎಂಬುದು ಭಾರತೀಯ ಮಾನಕ. ಹೊಲದ ಅಳತೆ ತಪ್ಪಿದರೆ ಆ ಗೆರೆ ದಾಟುವುದು ಕಷ್ಟವೇನಲ್ಲ.

ರೋಗಾಣು ಮತ್ತು ಔಷಧಿಗಳ ಆತಂಕಕ್ಕೂ ಆಧಾರವಿದೆ. ಹಸಿ ಕೋಳಿ ಗೊಬ್ಬರದಲ್ಲಿ ಸಾಲ್ಮೊನೆಲ್ಲಾ, ಇ. ಕೋಲಿ ಇರಬಹುದು, ಕೋಳಿಗಳಿಗೆ ಕೊಟ್ಟ ಆಂಟಿಬಯಾಟಿಕ್‌ಗಳ ಅಂಶವೂ ಇರಬಹುದು. ರಾಗಿ, ಸಜ್ಜೆ ನೆಲ ಮುಟ್ಟದ ತೆನೆಯಲ್ಲಿ ಬಲಿತು, ಬೆಂದು ತಟ್ಟೆಗೆ ಬರುವ ಧಾನ್ಯಗಳಾದ್ದರಿಂದ ಸೊಪ್ಪು ತರಕಾರಿಗಿಂತ ಅಪಾಯ ಕಡಿಮೆ. ತಿಪ್ಪೆಯ ಕಾವು 55 ಡಿಗ್ರಿ ಸೆಲ್ಸಿಯಸ್ ದಾಟಿ ಹಲವು ದಿನ ನಿಂತು, ಮಗುಚಿದಾಗ ಹೊರಗಿನದು ಒಳಗೆ ಸೇರಿದರೆ ರೋಗಾಣುಗಳು ಬಹುಪಾಲು ಸಾಯುತ್ತವೆ. ಆದರೆ ಔಷಧಿಯ ಅಂಶವನ್ನು ತಿಪ್ಪೆ ಪೂರ್ತಿ ತೊಳೆಯುತ್ತದೆ ಎಂದು ಭರವಸೆ ಕೊಡಲಾಗದು, ಅದನ್ನು ಫಾರಂನಲ್ಲೇ ತಡೆಯಬೇಕು. 2019ರಲ್ಲಿ ಕೇಂದ್ರ ಸರ್ಕಾರ ಕೋಲಿಸ್ಟಿನ್ ಔಷಧಿಯನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ನಿಷೇಧಿಸಿದ್ದು ಆ ದಿಕ್ಕಿನ ಸರಿಯಾದ ಹೆಜ್ಜೆ. ಇನ್ನೊಂದು ಎಚ್ಚರಿಕೆ ದನ ಕುರಿ ಸಾಕುವವರಿಗೆ. ಗೊಬ್ಬರದ ಜೊತೆ ಸತ್ತ ಕೋಳಿ ಸೇರಿದ್ದರೆ ಅದರಲ್ಲಿ ಬಾಟುಲಿಸಂ ವಿಷ ಹುಟ್ಟಬಹುದು. ಅಂಥ ಗೊಬ್ಬರ ಎರಚಿದ ಹೊಲದಲ್ಲಿ ಮೇಯ್ದ ದನಗಳು ಸತ್ತ ಪ್ರಸಂಗಗಳು ಹಲವು ದೇಶಗಳಲ್ಲಿ ನಡೆದಿವೆ. ಗೊಬ್ಬರ ಮಣ್ಣಿಗೆ ಸೇರುವವರೆಗೆ ದನಗಳನ್ನು ಆ ಕಡೆ ಬಿಡಬಾರದು. ಈಗಾಗಲೇ ಕ್ಷಾರ ಹೆಚ್ಚಿರುವ ಅಥವಾ ಸವಳು ನೆಲಕ್ಕೆ ಕೋಳಿ ಗೊಬ್ಬರ, ಅದರಲ್ಲೂ ಮೊಟ್ಟೆ ಕೋಳಿಯದು, ಒಗ್ಗುವುದಿಲ್ಲ. ಅದರ ಸುಣ್ಣ, ಲವಣ ಎರಡೂ ಅಲ್ಲಿ ಹೊರೆಯೇ.

ಇಷ್ಟೆಲ್ಲ ಲೆಕ್ಕಕ್ಕೆ ಅಡಿಪಾಯವಾದ ಶೇ. 3, ಶೇ. 2.6 ಎಂಬ ಅಂಕಿಗಳು ಸರಾಸರಿ ಮಾತ್ರ ಎಂಬುದೇ ಈ ವಾದದ ಮೇಲೆ ಹೇಳಬಹುದಾದ ಕೊನೆಯ ಆಕ್ಷೇಪ. ಹೊಟ್ಟು ಹೆಚ್ಚಿದ್ದರೆ, ಮಳೆಗೆ ನೆನೆದಿದ್ದರೆ, ಹಳೆಯದಾಗಿದ್ದರೆ ಅಂಕಿ ಬದಲಾಗುತ್ತದೆ. ಇದು ರೈತರ ದೋಷವಲ್ಲ, ವ್ಯವಸ್ಥೆಯ ಕೊರತೆ. ಯೂರಿಯಾ ಚೀಲದ ಮೇಲೆ ಶೇಕಡಾವಾರು ಮುದ್ರಿಸಿರಬೇಕು ಎಂದು ಒತ್ತಾಯಿಸುವ ನಾವು, ಫಾರಂನಿಂದ ಹೊರಡುವ ಕೋಳಿ ಗೊಬ್ಬರದ ಲೋಡಿಗೆ ಒಂದು ಚೀಟಿಯನ್ನೂ ಕೇಳುವುದಿಲ್ಲ. ದೊಡ್ಡ ಫಾರಂಗಳು ವರ್ಷಕ್ಕೆ ಒಂದೆರಡು ಬಾರಿ ಗೊಬ್ಬರದ ತೇವ, ಸಾರಜನಕ, ರಂಜಕ ಪರೀಕ್ಷೆ ಮಾಡಿಸಿ ಆ ಅಂಕಿಗಳನ್ನು ಕೊಳ್ಳುವವರಿಗೆ ಕೊಡಬೇಕು, ಲೋಡಿನ ಬದಲು ತೂಕದ ಮೇಲೆ ಮಾರಬೇಕು. 2015ರಿಂದ ಹಂಚುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ ರಂಜಕದ ಮಟ್ಟ ಹೇಗೂ ನಮೂದಾಗಿರುತ್ತದೆ. ಅದು ಕಡಿಮೆ ಅಥವಾ ಮಧ್ಯಮ ಇರುವ ಹೊಲಕ್ಕೆ ಎಕರೆಗೆ 600 ಕಿಲೋ, ಹೆಚ್ಚಿರುವ ಹೊಲಕ್ಕೆ ಕೆಲವು ವರ್ಷ ಬಿಡುವು ಎಂಬ ಸರಳ ಸೂತ್ರವನ್ನು ರೈತ ಸಂಪರ್ಕ ಕೇಂದ್ರಗಳು ಹೇಳಿಕೊಡಬಹುದು. ಹೀಗೆ ಮಾಡಿದರೆ ಇಂದು ಫಾರಂ ಸುತ್ತಲಿನ ಕೆಲವೇ ಹೊಲಗಳ ಮೇಲೆ ಬೀಳುವ ಗೊಬ್ಬರ ನಾಲ್ಕೈದು ಪಟ್ಟು ಹೆಚ್ಚು ಹೊಲಗಳನ್ನು ಮುಟ್ಟುತ್ತದೆ. ರಂಜಕದ ಗೊಬ್ಬರಕ್ಕಾಗಿ ಹೊರದೇಶಗಳ ಕಡೆ ಕೈಚಾಚುವ ದೇಶದಲ್ಲಿ, ತನ್ನ ಊರಿನ ಕೋಳಿ ಶೆಡ್ಡಿನಲ್ಲೇ ಬಿದ್ದಿರುವ ರಂಜಕವನ್ನು ಖುಷ್ಕಿ ರೈತರು ಕಿಲೋ ಲೆಕ್ಕದಲ್ಲಿ ಬಳಸುವಂತಾಗಬೇಕು. ಅದಕ್ಕೆ ಬೇಕಾಗಿರುವುದು ಹೊಸ ತಂತ್ರಜ್ಞಾನವಲ್ಲ. ಒಂದು ತಕ್ಕಡಿ, ಒಂದು ಪರೀಕ್ಷಾ ವರದಿ, ಗೊಬ್ಬರವನ್ನು ಕಳಿಯಲು ಬಿಡುವ ಎರಡು ತಿಂಗಳ ತಾಳ್ಮೆ ಇಷ್ಟಿದ್ದರೆ ಈ ಕೆಲಸವನ್ನು ಬರುವ ಮುಂಗಾರಿನಿಂದಲೇ ಶುರು ಮಾಡಬಹುದು.